ಬೇಟೆ, ಮೀನು, ಕಾಡು ಅಂತ ಜಾರ್ಜಿಯಾಕ್ಕೆ ಮನೆ ಬದಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ. ಬೇಟೆ ಕಲಿತದ್ದು ಮಾತ್ರ ಅಮೆರಿಕದ ಮಿಶಿಗನ್‌ನಲ್ಲಿ, ಆಫೀಸಿನ ಗೆಳೆಯರ ಜೊತೆ. ಅಲ್ಲಿ 11 ವರ್ಷ ಇದ್ದು, ಕೆಲಸ ಬದಲಾಗಿ ಅಮೆರಿಕದ ದಕ್ಷಿಣದ ಜಾರ್ಜಿಯಾ ರಾಜ್ಯಕ್ಕೆ ಬಂದೆವು. ಪಂಪ ಕನ್ನಡ ಕೂಟದ ಡೆಟ್ರಾಯಿಟ್ ಕಡೆಯಿಂದ ನೃಪತುಂಗ ಕನ್ನಡ ಕೂಟದ ಅಟ್ಲಾಂಟಾ ಕಡೆಗೆ. ಈಗ ಉತ್ತರದ ಚಳಿ ಬಿಟ್ಟು ದಕ್ಷಿಣಕ್ಕೆ ಬರಲು ಯೋಚಿಸುವ ನಮ್ಮವರು ಆಗಾಗ ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ನಿಯಮಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತವೆ. ಕಾಡಿಗೆ ಕಾಲಿಡುವ ಮುಂಚೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ, ಅಂದರೆ ಡಿಎನ್‌ಆರ್, ಪ್ರತಿವರ್ಷ ಹೊರತರುವ ನಿಯಮಪುಸ್ತಕ ಓದಲೇಬೇಕು.

ಉತ್ತರದಿಂದ ಬಂದವರಿಗೆ ಇಲ್ಲಿ ಎಲ್ಲಕ್ಕಿಂತ ಬೇರೆ ಅನ್ನಿಸುವುದು ಏನು?

ಎಲ್ಲರೂ ಸೆಕೆ ಅಂತ ಅಂದುಕೊಳ್ಳುತ್ತಾರೆ. ನಾನು ಹೇಳುವುದು ಜಮೀನು. ಮಿಶಿಗನ್‌ನ ಅಪ್ಪರ್ ಪೆನಿನ್ಸುಲಾದಲ್ಲಿ ಗಾಡಿ ನಿಲ್ಲಿಸಿ ಯಾವ ದಿಕ್ಕಿಗೆ ನಡೆದರೂ ಸರ್ಕಾರಿ ಕಾಡೇ ಸಿಗುತ್ತಿತ್ತು. ಇಲ್ಲಿ ಹಾಗಲ್ಲ. ಜಾರ್ಜಿಯಾದ ಕಾಡಿನ ಬಹುಪಾಲು ಖಾಸಗಿ. ರಸ್ತೆ ಪಕ್ಕ ಮೈಲಿಗಟ್ಟಲೆ ಪೈನ್ ಮರ ಕಾಣುತ್ತದೆ, ಆದರೆ ಅದು ಯಾರದೋ ಬೆಳೆ. ನಮ್ಮ ಕಡೆ ಅಡಿಕೆ ತೋಟಕ್ಕೆ ಹೇಗೆ ಕೇಳದೆ ನುಗ್ಗುವುದಿಲ್ಲವೋ ಹಾಗೆ.

ಹಾಗಾಗಿ ಇಲ್ಲಿ ಬೇಟೆ ನಡೆಯುವುದು ಜನರ ಪರಿಚಯದ ಮೇಲೆ. ಹೊಸ ರೈಫಲ್ ಕೊಳ್ಳುವ ದುಡ್ಡನ್ನು ಮೊದಲ ವರ್ಷ ಹಾಗೇ ಇಡಿ. ಆ ಸಮಯವನ್ನು ನೆಲ ನೋಡುವುದಕ್ಕೆ, ಜನರನ್ನು ಮಾತಾಡಿಸುವುದಕ್ಕೆ ಕೊಡಿ. ಯಾರು ಫೋನ್ ಮಾಡಿದರೂ ನಾನು ಮೊದಲು ಹೇಳುವ ಮಾತು ಇದು.

ಹಾಗಾದರೆ ನನಗೆ ಜಾಗ ಎಲ್ಲಿ ಸಿಗುತ್ತೆ?

ಸಾರ್ವಜನಿಕ ಜಾಗ ಇಲ್ಲವೇ ಇಲ್ಲ ಅಂತಲ್ಲ. ವೈಲ್ಡ್‌ಲೈಫ್ ಮ್ಯಾನೇಜ್‌ಮೆಂಟ್ ಏರಿಯಾ, ಎಲ್ಲರೂ ಡಬ್ಲ್ಯುಎಂಎ ಅನ್ನುತ್ತಾರೆ, ರಾಜ್ಯದಲ್ಲಿ 100ಕ್ಕೂ ಹೆಚ್ಚಿವೆ. ಉತ್ತರದ ಬೆಟ್ಟಗಳಲ್ಲಿ ಚಾಟಹೂಚಿ ರಾಷ್ಟ್ರೀಯ ಅರಣ್ಯ, ಮಧ್ಯಭಾಗದಲ್ಲಿ ಓಕೋನಿ ರಾಷ್ಟ್ರೀಯ ಅರಣ್ಯ. ಅಟ್ಲಾಂಟಾದ ಉತ್ತರದ ಕಡೆ ಮನೆ ಮಾಡುವವರಿಗೆ ಡಾಸನ್ ಫಾರೆಸ್ಟ್ ಹತ್ತಿರ. ಒಂದೊಂದು ಡಬ್ಲ್ಯುಎಂಎಗೂ ಬೇರೆ ಬೇರೆ ದಿನಾಂಕ, ಬೇರೆ ಬೇರೆ ನಿಯಮ. ಕೆಲವಕ್ಕೆ ಲಾಟರಿ ಇರುತ್ತದೆ, ಅದನ್ನು ಕೋಟಾ ಹಂಟ್ ಅನ್ನುತ್ತಾರೆ. ಹೆಸರು ಬರದೇ ಇದ್ದರೆ ಮುಂದಿನ ವರ್ಷಕ್ಕೆ ನಿಮ್ಮ ಪಾಯಿಂಟ್ ಒಂದು ಜಾಸ್ತಿ ಆಗುತ್ತದೆ. ಬಂದ ಮೊದಲ ಬೇಸಿಗೆಯಲ್ಲೇ ಅರ್ಜಿ ಹಾಕಿ.

ಇನ್ನೊಂದು ದಾರಿ, ರೈತರನ್ನು ಕೇಳುವುದು. ನಾನು ಹೀಗೆ ಒಬ್ಬರ ಮನೆ ಬಾಗಿಲು ತಟ್ಟಿದೆ. ಎಪ್ಪತ್ತು ದಾಟಿದ ಹಿರಿಯರು, ಜಗಲಿಯಲ್ಲಿ ಕೂತಿದ್ದರು. ಟೋಪಿ ತೆಗೆದು "ಸರ್" ಅಂತ ಶುರು ಮಾಡಿದೆ. ಇಲ್ಲಿ ಹಿರಿಯರಿಗೆ ಸರ್, ಮ್ಯಾಮ್ ಅನ್ನಲೇಬೇಕು, ಆ ವಿಷಯದಲ್ಲಿ ನಮ್ಮೂರಿನ ಹಾಗೇ. ಅವರು ಬೇಟೆಯ ಮಾತೇ ಎತ್ತಲಿಲ್ಲ. ನಿನ್ನೂರು ಯಾವುದು, ಅಲ್ಲಿ ಏನು ಬೆಳೆಯುತ್ತಾರೆ, ಅಡಿಕೆ ಅಂದರೆ ಏನು ಅಂತ ಮುಕ್ಕಾಲು ಗಂಟೆ ಕೇಳಿದರು. ಕೊನೆಗೆ, "ಹಿಂದಿನ ಬೇಲಿ ಬಿದ್ದುಹೋಗಿದೆ" ಅಂದರು. ಎರಡು ಶನಿವಾರ ಹೋಗಿ ಕಂಬ ನೆಟ್ಟು ತಂತಿ ಬಿಗಿದುಕೊಟ್ಟೆ. ಮೂರನೇ ಶನಿವಾರ ಅವರೇ ಗೇಟಿನ ಬೀಗದ ನಂಬರ್ ಹೇಳಿದರು. ಅನುಮತಿಯನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಜೇಬಿನಲ್ಲಿ ಇಟ್ಟುಕೊಳ್ಳಿ. ಕಾಡಲ್ಲಿ ಬೇಟೆಯ ನಿಯಮ ನೋಡಿಕೊಳ್ಳುವ ವಾರ್ಡನ್ ಸಿಕ್ಕಾಗ ಮಾತು ಬೇಗ ಮುಗಿಯುತ್ತದೆ.

ಹಂಟಿಂಗ್ ಕ್ಲಬ್ ಅಂದರೆ ಏನು? ಸೇರಬಹುದಾ?

ಹತ್ತು ಹದಿನೈದು ಜನ ಸೇರಿ ಯಾವುದಾದರೂ ಪೈನ್ ತೋಟವನ್ನು ವರ್ಷದ ಗುತ್ತಿಗೆಗೆ ಹಿಡಿಯುತ್ತಾರೆ. ಖರ್ಚು ಹಂಚಿಕೊಳ್ಳುತ್ತಾರೆ. ದಕ್ಷಿಣದಲ್ಲಿ ಬೇಟೆ ಬಹಳ ಮಟ್ಟಿಗೆ ನಡೆಯುವುದೇ ಹೀಗೆ. ದುಡ್ಡು ಕೊಟ್ಟರೆ ಮುಗಿಯಲಿಲ್ಲ, ಬೇಸಿಗೆಯಲ್ಲಿ ಕೆಲಸದ ದಿನ ಅಂತ ಇರುತ್ತದೆ. ದಾರಿ ಸವರುವುದು, ಅಟ್ಟಣೆ ರಿಪೇರಿ, ಜಿಂಕೆ ಮೇಯಲು ಕ್ಲೋವರ್ ಬಿತ್ತುವುದು. ಆ ದಿನ ತಪ್ಪಿಸಬೇಡಿ.

ನಮ್ಮ ಕ್ಲಬ್ಬಿನ ಗೇಟಿನ ಹತ್ತಿರ ತಗಡಿನ ಸೂರಿನ ಕೆಳಗೆ ಒಂದು ಹಲಗೆ ಇದೆ. ಅದರ ಮೇಲೆ ಜಮೀನಿನ ನಕ್ಷೆ, ಪಕ್ಕದಲ್ಲಿ ಒಬ್ಬೊಬ್ಬರ ಹೆಸರಿನ ಪಿನ್ನು. ಬೆಳಗಿನ ಜಾವ ಐದಕ್ಕೆ ಟಾರ್ಚ್ ಬೆಳಕಲ್ಲಿ ನಿಮ್ಮ ಪಿನ್ನನ್ನು ನೀವು ಕೂರುವ ಜಾಗಕ್ಕೆ ಚುಚ್ಚಿ ಹೋಗಬೇಕು. ವಾಪಸ್ ಬಂದಾಗ ಕಿತ್ತು ಮೊದಲಿನ ಜಾಗಕ್ಕೆ ಇಡಬೇಕು. ಒಬ್ಬರ ಪಿನ್ನು ಇರುವ ಕಡೆ ಇನ್ನೊಬ್ಬರು ಹೋಗುವಂತಿಲ್ಲ. ಕತ್ತಲಾದ ಮೇಲೂ ಯಾರದಾದರೂ ಪಿನ್ನು ನಕ್ಷೆಯಲ್ಲೇ ಉಳಿದಿದ್ದರೆ ಉಳಿದವರು ಮನೆಗೆ ಹೋಗುವುದಿಲ್ಲ, ಹುಡುಕಿಕೊಂಡು ಹೋಗುತ್ತಾರೆ. ಆ ಹಲಗೆಯ ಮೇಲೆ ನನ್ನ ಹೆಸರು ಬರೆದ ದಿನ, ಈ ಊರಿಗೆ ಸೇರಿಕೊಂಡೆ ಅಂತ ಮೊದಲ ಸಲ ಅನ್ನಿಸಿತು.

ಲೈಸೆನ್ಸ್ ಯಾವಾಗ ತೆಗೆದುಕೊಳ್ಳಬೇಕು?

ಜಾರ್ಜಿಯಾದ ನಿವಾಸಿ ಅನ್ನಿಸಿಕೊಳ್ಳಲು ಇಲ್ಲಿ ಸತತ 3 ತಿಂಗಳು ವಾಸವಿರಬೇಕು. ಅದಕ್ಕೂ ಮುಂಚೆ ಬೇಕೆಂದರೆ ಹೊರರಾಜ್ಯದವರ ಲೈಸೆನ್ಸ್, ಅದರ ಬೆಲೆ ಹಲವು ಪಟ್ಟು ಜಾಸ್ತಿ. 1961ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಮಾಡಿರಬೇಕು. ಬೇರೆ ರಾಜ್ಯದಲ್ಲಿ ಮಾಡಿದ್ದರೆ ಆ ಸರ್ಟಿಫಿಕೇಟ್ ಇಲ್ಲಿಯೂ ನಡೆಯುತ್ತದೆ, ಸಾಮಾನು ಕಟ್ಟುವಾಗ ಕಳೆದುಕೊಳ್ಳಬೇಡಿ. ಜಿಂಕೆ, ಟರ್ಕಿ ಕೋಳಿ, ಕರಡಿಗೆ ಬಿಗ್ ಗೇಮ್ ಲೈಸೆನ್ಸ್ ಬೇರೆ ಬೇಕು.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಬಂದೂಕು ಇಟ್ಟುಕೊಳ್ಳಬಹುದಾ?

ನಮ್ಮವರು ಎಲ್ಲಕ್ಕಿಂತ ಹುಷಾರಾಗಿರಬೇಕಾದ ವಿಷಯ ಇದು. ಕೆಲಸದ ಎಚ್-1ಬಿ, ಓದಿನ ಎಫ್-1ರಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳಬಾರದು ಎಂಬುದು ಅಮೆರಿಕದ ಕೇಂದ್ರ ಸರ್ಕಾರದ ಕಾನೂನು. ಅದಕ್ಕೆ ಕೆಲವು ವಿನಾಯಿತಿ ಇವೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಅವುಗಳಲ್ಲಿ ಒಂದು. "ಚಾಲ್ತಿಯಲ್ಲಿರುವ" ಎಂಬ ಮಾತಿಗೆ ಗೆರೆ ಎಳೆದುಕೊಳ್ಳಿ. ಲೈಸೆನ್ಸ್ ಮುಗಿದ ಮಾರನೇ ದಿನ ಕೋವಿ ನಿಮ್ಮ ಮನೆಯಲ್ಲಿದ್ದರೆ ಆ ವಿನಾಯಿತಿ ಇಲ್ಲ. ಹೀಗೆ ಸಿಕ್ಕಿಬಿದ್ದರೆ ಹೋಗುವುದು ಕೋವಿ ಮಾತ್ರ ಅಲ್ಲ, ವೀಸಾ, ಗ್ರೀನ್ ಕಾರ್ಡ್ ಸಾಲು, ಎಲ್ಲವೂ. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ಕೊಳ್ಳುವ ಮುಂಚೆ ಇಮಿಗ್ರೇಶನ್ ವಕೀಲರನ್ನು ಒಂದು ಸಲ ಕೇಳಿ, ಆ ಫೀಸು ದಂಡವಲ್ಲ.

ಇನ್ನೊಂದು. ಮಿಶಿಗನ್‌ನಂಥ ರಾಜ್ಯಗಳಲ್ಲಿ ಗಾಂಜಾ ಕಾನೂನುಬದ್ಧ. ಆದರೆ ಅದನ್ನು ಸೇದುವವರು ಬಂದೂಕು ಇಟ್ಟುಕೊಳ್ಳುವುದನ್ನು ಕೇಂದ್ರದ ಕಾನೂನು ಒಪ್ಪುವುದಿಲ್ಲ.

ವೀಸಾ ಇತ್ಯರ್ಥ ಆಗುವ ತನಕ ಬಿಲ್ಲು ಕಲಿಯಿರಿ ಅಂತ ನಾನು ಹೇಳುತ್ತೇನೆ. ಆ ಕಾನೂನಿನಲ್ಲಿ ಬಿಲ್ಲು ಬಂದೂಕಲ್ಲ. ಇಲ್ಲಿ ಕ್ರಾಸ್‌ಬೋ, ಅಂದರೆ ಕೋವಿಯ ಹಾಗೆ ಹಿಡಿದು ಬಿಡುವ ಅಡ್ಡಬಿಲ್ಲು ಕೂಡ ಬಿಲ್ಲಿನ ಸೀಸನ್‌ನಲ್ಲಿ ನಡೆಯುತ್ತದೆ. ನಾನು ಶುರು ಮಾಡಿದ್ದೂ ಬಿಲ್ಲಿನಿಂದಲೇ, ಈಗಲೂ ನನಗೆ ಅದೇ ಜಾಸ್ತಿ ಇಷ್ಟ.

ಊರಿಗೆ ಹೋಗುವಾಗ ಏನು ನೋಡಿಕೊಳ್ಳಬೇಕು?

ಬ್ಯಾಗು. ಬೇಟೆಗೆ ಬಳಸಿದ ಬ್ಯಾಗನ್ನು ವಿಮಾನಕ್ಕೆ ಒಯ್ಯಲೇಬೇಡಿ. ಒಂದು ವರ್ಷ ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ, ಮಗಳ ಬಣ್ಣದ ಪೆನ್ಸಿಲ್ ಇಡೋಣ ಅಂತ ಬ್ಯಾಗಿನ ಪಕ್ಕದ ಜೇಬಿಗೆ ಕೈ ಹಾಕಿದೆ. ಹೊಲಿಗೆಯ ಸಂದಿನಲ್ಲಿ ಏನೋ ತಣ್ಣಗೆ ತಾಗಿತು. .22ರ ಒಂದು ತೋಟಾ, ಕಡಲೆಬೀಜಕ್ಕಿಂತ ಸ್ವಲ್ಪ ಉದ್ದ. ಅದು ಅಲ್ಲಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿದ್ದರೆ 1959ರ ಆಯುಧ ಕಾಯ್ದೆಯ ಕೆಳಗೆ ಕೇಸು. ಮರೆತಿದ್ದೆ ಅಂದರೆ ಕೇಳುವವರಿಲ್ಲ. ಅವತ್ತಿಂದ ನಮ್ಮ ಮನೆಯಲ್ಲಿ ಬೇಟೆಯ ಬ್ಯಾಗು, ಪ್ರಯಾಣದ ಬ್ಯಾಗು ಬೇರೆ ಬೇರೆ, ಇಡುವ ಕೋಣೆಯೂ ಬೇರೆ.

ಕೋವಿಗಳನ್ನು ಗಾಡಿಯಲ್ಲಿ ತರಬಹುದಾ?

ತರಬಹುದು. ಡೆಟ್ರಾಯಿಟ್‌ನಿಂದ ಹೊರಟರೆ ಐ-75 ಒಂದೇ ರಸ್ತೆ, ಒಹಾಯೊ, ಕೆಂಟಕಿ, ಟೆನೆಸ್ಸಿ ದಾಟಿ ನೇರ ಜಾರ್ಜಿಯಾ. ತೋಟಾ ತೆಗೆದು, ಪೆಟ್ಟಿಗೆಗೆ ಬೀಗ ಹಾಕಿ, ಕೈಗೆ ಎಟುಕದ ಹಾಗೆ ಡಿಕ್ಕಿಯಲ್ಲಿಡಿ. ಸಾಮಾನು ಸಾಗಿಸುವ ಲಾರಿಯವರ ಕೈಗೆ ಕೊಡಬೇಡಿ. ಜಾರ್ಜಿಯಾದಲ್ಲಿ ಬಂದೂಕು ನೋಂದಣಿ ಎಂಬುದಿಲ್ಲ. ಫ್ರೀಜರ್‌ನಲ್ಲಿ ಜಿಂಕೆ ಮಾಂಸ ಇದ್ದರೆ ಮೂಳೆ ಬಿಡಿಸಿದ್ದು ಮಾತ್ರ ತನ್ನಿ. ಸಿಡಬ್ಲ್ಯುಡಿ ಎಂಬ ಜಿಂಕೆ ರೋಗದ ಕಾರಣ ತಲೆ, ಬೆನ್ನುಮೂಳೆ ಸಮೇತ ತರುವಂತಿಲ್ಲ. ಆ ರೋಗ ಜಾರ್ಜಿಯಾದಲ್ಲಿ ಮೊದಲು ಪತ್ತೆಯಾದದ್ದು 2025ರ ಜನವರಿಯಲ್ಲಿ, ಲೇನಿಯರ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು). ಅದು ದಕ್ಷಿಣದಲ್ಲಿ ವಾಲ್ಡೋಸ್ಟಾದ ಹತ್ತಿರ. ಅಟ್ಲಾಂಟಾ ಪಕ್ಕದ ಲೇನಿಯರ್ ಕೆರೆಗೂ ಅದಕ್ಕೂ ಸಂಬಂಧವಿಲ್ಲ, ಹೆಸರು ಕೇಳಿ ಗಾಬರಿಯಾಗಬೇಡಿ.

ಸೀಸನ್ ನಿಜವಾಗಿಯೂ ಅಷ್ಟು ಉದ್ದನಾ?

ಹೌದು. ಮಿಶಿಗನ್‌ನಲ್ಲಿ ಕೋವಿಯ ಮುಖ್ಯ ಸೀಸನ್ ನವೆಂಬರ್ 15ರಿಂದ 30, ಅಷ್ಟೇ. ಇಲ್ಲಿ ಸೆಪ್ಟೆಂಬರ್ ಎರಡನೇ ವಾರದ ಹೊತ್ತಿಗೆ ಬಿಲ್ಲು ಶುರು. ಅಕ್ಟೋಬರ್ ಮಧ್ಯದ ಆಚೆ ಕೋವಿ ಶುರುವಾಗಿ ಜನವರಿ ಎರಡನೇ ವಾರದ ತನಕ ನಡೆಯುತ್ತದೆ. ಅಟ್ಲಾಂಟಾ ಸುತ್ತಲಿನ ಕೆಲವು ಕೌಂಟಿಗಳಲ್ಲಿ ಬಿಲ್ಲಿಗೆ ಜನವರಿ ಕೊನೆಯವರೆಗೂ ಅವಕಾಶ ಇದೆ. ಆಫೀಸಿನಲ್ಲಿ ಒಂದು ವಾರ ರಜಾ ಹಾಕಿ ಓಡುವ ಅವಸರ ಇಲ್ಲ.

ಜಿಂಕೆಗಳು ಬೆದೆಗೆ ಬರುವ ಕಾಲವೂ ಒಂದೇ ಅಲ್ಲ. ರಾಜ್ಯದ ಮಧ್ಯಭಾಗದಲ್ಲಿ ನವೆಂಬರ್ ನಡುವೆ, ಕರಾವಳಿ ಕಡೆ ಅದಕ್ಕೂ ಮುಂಚೆ, ನೈಋತ್ಯದಲ್ಲಿ ಡಿಸೆಂಬರ್‌ವರೆಗೂ ಎಳೆಯುತ್ತದೆ. ನಿಮ್ಮ ಕೌಂಟಿಯಲ್ಲಿ ಯಾವಾಗ ಅಂತ ಡಿಎನ್‌ಆರ್ ನಕ್ಷೆಯಲ್ಲಿ ನೋಡಿ.

ಎಷ್ಟು ಜಿಂಕೆ ಹೊಡೆಯಬಹುದು?

ಒಂದು ಸೀಸನ್‌ಗೆ 12. ಅದರಲ್ಲಿ ಕೊಂಬಿನ ಗಂಡು 2 ಮಾತ್ರ. ಆ ಎರಡರಲ್ಲಿ ಒಂದರ ಕೊಂಬಿಗೆ ಒಂದು ಬದಿಯಲ್ಲಾದರೂ 4 ಕವಲು ಇರಬೇಕು, ಇಲ್ಲದಿದ್ದರೆ ಕೊಂಬಿನ ಅಗಲ 15 ಇಂಚು ಇರಬೇಕು. ಹೊಡೆದ ಜಿಂಕೆಯನ್ನು ಜಾಗದಿಂದ ಕದಲಿಸುವ ಮುಂಚೆ ದಾಖಲೆ ಬರೆಯಬೇಕು, 24 ಗಂಟೆಯೊಳಗೆ ಡಿಎನ್‌ಆರ್‌ನ ಗೇಮ್ ಚೆಕ್ ಎಂಬ ವ್ಯವಸ್ಥೆಗೆ ತಿಳಿಸಬೇಕು. ನಮ್ಮ ಮನೆಗೆ ವರ್ಷಕ್ಕೆ ಎರಡು ಸಾಕು. ಇಲ್ಲಿನ ಜಿಂಕೆ ಮಿಶಿಗನ್‌ನದಕ್ಕಿಂತ ಮೈಕಟ್ಟಿನಲ್ಲಿ ಸಣ್ಣದು, ದೂರ ಅಂದಾಜು ಮಾಡುವಾಗ ಕಣ್ಣು ಮೋಸ ಹೋಗುತ್ತದೆ.

ಕೋವಿಯ ಸೀಸನ್‌ನಲ್ಲಿ ಸೊಂಟದ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಬಣ್ಣ ಕಡ್ಡಾಯ. ಮರದ ಮೇಲೆ ಕೂರುವವರು, ನಮ್ಮ ಮಲೆನಾಡಿನ ಮಾತಲ್ಲಿ ಮರಸು ಕೂರುವವರು, ಇಡೀ ಮೈಗೆ ಕಟ್ಟುವ ಸುರಕ್ಷತಾ ಪಟ್ಟಿ (ಹಾರ್ನೆಸ್) ಇಲ್ಲದೆ ಒಂದು ಮೆಟ್ಟಿಲೂ ಹತ್ತಬೇಡಿ. ಗುಂಡಿನ ಭಯ ಎಲ್ಲರಿಗೂ ಇರುತ್ತದೆ, ಮರದಿಂದ ಬೀಳುವ ಭಯ ಯಾರಿಗೂ ಇರುವುದಿಲ್ಲ. ಬೀಳುವವರು ಬಹಳ.

ಸೆಕೆಯಲ್ಲಿ ಮಾಂಸ ಕೆಡುವುದಿಲ್ಲವಾ?

ಕೆಡುತ್ತದೆ. ಮಿಶಿಗನ್‌ನಲ್ಲಿ ಜಿಂಕೆಯನ್ನು ಶೆಡ್ಡಿನಲ್ಲಿ ಮೂರು ದಿನ ನೇತುಹಾಕಿದರೂ ಏನೂ ಆಗುತ್ತಿರಲಿಲ್ಲ, ಹೊರಗಿನ ಗಾಳಿಯೇ ಫ್ರಿಜ್. ಇಲ್ಲಿ ಸೆಪ್ಟೆಂಬರ್ ಸಂಜೆ 30 ಡಿಗ್ರಿ ಸೆಲ್ಸಿಯಸ್ ಇರುವುದು ಮಾಮೂಲಿ. ಬಂದ ಮೊದಲ ವರ್ಷ ಕತ್ತಲಾಗುವ ಹೊತ್ತಿಗೆ ಬಾಣ ಬಿಟ್ಟೆ. ರಕ್ತದ ಜಾಡು ಹಿಡಿದು ಹುಡುಕುವುದು ಬೆಳಗ್ಗೆ ಅಂತ ಹಳೇ ಅಭ್ಯಾಸದಂತೆ ಮನೆಗೆ ಬಂದೆ. ಬೆಳಗ್ಗೆ ಸಿಕ್ಕಿತು. ಹೊಟ್ಟೆ ಉಬ್ಬಿತ್ತು, ತೊಡೆಯ ಒಳಭಾಗ ಹಸಿರು ತಿರುಗಿತ್ತು, ವಾಸನೆ ಹತ್ತು ಮಾರು ದೂರಕ್ಕೇ ಬಂತು. ಒಂದು ತುಂಡೂ ಉಳಿಸಿಕೊಳ್ಳಲಾಗಲಿಲ್ಲ. ಒಂದು ಪ್ರಾಣಿಯ ಜೀವ ಸುಮ್ನೆ ಹೋಯಿತಲ್ಲ ಅಂತ ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಈಗ ಬಿಸಿಲು ಕಾಲದಲ್ಲಿ ಗಾಡಿಯಲ್ಲಿ ದೊಡ್ಡ ಕೂಲರ್, ಅದರ ತುಂಬ ಐಸ್ ಇಲ್ಲದೆ ಹೊರಡುವುದೇ ಇಲ್ಲ. ಬಿದ್ದ ಕೂಡಲೇ ಕರುಳು ತೆಗೆಯಿರಿ, ಒಳಗೆ ಐಸ್ ಚೀಲ ತುಂಬಿ, ಒಂದೆರಡು ಗಂಟೆಯಲ್ಲಿ ತೊಡೆ, ಮುಂಗಾಲು ಬಿಡಿಸಿ ಕೂಲರ್‌ಗೆ ಹಾಕಿ. ಕೂಲರ್‌ನ ಕೆಳಗಿನ ಬಿರಡೆ ತೆಗೆದಿಡಿ, ಮಾಂಸ ಐಸ್ ನೀರಲ್ಲಿ ನೆನೆಯಬಾರದು. ಕೈಯಲ್ಲಿ ಆಗಲ್ಲ ಅನ್ನುವವರಿಗೆ ಕತ್ತರಿಸಿ ಪ್ಯಾಕ್ ಮಾಡಿಕೊಡುವ ಅಂಗಡಿಗಳು ಸಣ್ಣ ಊರಲ್ಲೂ ಇವೆ. ಸಂಜೆ ಎಷ್ಟಕ್ಕೆ ಬಾಗಿಲು ಹಾಕುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಹಾವು, ಹುಳ, ಉಣುಗು?

ಹಾವಿಗೆ ಹೆದರಬೇಡಿ, ನೋಡಿ ಕಾಲಿಡಿ. ವಿಷದ ಹಾವುಗಳಲ್ಲಿ ಕಾಪರ್‌ಹೆಡ್ ತರಗೆಲೆಯ ಬಣ್ಣದಲ್ಲೇ ಇರುತ್ತದೆ. ನೀರಿನ ಹತ್ತಿರ ಕಾಟನ್‌ಮೌತ್, ದಕ್ಷಿಣದ ಮರಳು ನೆಲದಲ್ಲಿ ದೊಡ್ಡ ಡೈಮಂಡ್‌ಬ್ಯಾಕ್ ಗಿಲಕಿ ಹಾವು. ವಿಷವಿಲ್ಲದ ಹಾವನ್ನು ಕೊಲ್ಲುವುದು ಇಲ್ಲಿ ಕಾನೂನಿಗೆ ವಿರುದ್ಧ. ಕೆಂಪಿರುವೆಯ ಗೂಡು ಸಣ್ಣ ಮಣ್ಣಿನ ಗುಡ್ಡೆಯ ಹಾಗೆ ಎದ್ದಿರುತ್ತದೆ, ಅದರ ಮೇಲೆ ನಿಂತು ಬಿಲ್ಲು ಎಳೆಯಲು ಹೋಗಬೇಡಿ.

ನಾನು ನಿಜವಾಗಿ ಹೆದರುವುದು ಉಣುಗಿಗೆ. ಮಲೆನಾಡಿನವರಿಗೆ ಉಣುಗು ಅಂದರೆ ಏನು ಅಂತ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ. ಇಲ್ಲಿನದು ಲೋನ್ ಸ್ಟಾರ್ ಉಣುಗು, ಹೆಣ್ಣಿನ ಬೆನ್ನ ಮೇಲೆ ಒಂದು ಬಿಳಿ ಚುಕ್ಕೆ. ಅದು ಕಚ್ಚಿದ ಕೆಲವರಿಗೆ ಆಲ್ಫಾ-ಗ್ಯಾಲ್ ಎಂಬ ಅಲರ್ಜಿ ಹತ್ತುತ್ತದೆ. ಆಮೇಲೆ ಕುರಿ, ಹಂದಿ, ದನ, ಜಿಂಕೆ, ಯಾವ ಮಾಂಸ ತಿಂದರೂ ಎರಡರಿಂದ ಆರು ಗಂಟೆ ಕಳೆದು ಮೈಯೆಲ್ಲ ದದ್ದು, ಹೊಟ್ಟೆನೋವು, ಕೆಲವರಿಗೆ ಉಸಿರೇ ಕಟ್ಟುತ್ತದೆ. ಕೋಳಿ, ಮೀನು ಆಗುತ್ತದೆ. ಕೆಲವರಿಗೆ ಹಾಲು ಕೂಡ ಆಗಿಬರುವುದಿಲ್ಲ. ರಾತ್ರಿ ಮಟನ್ ಬಿರಿಯಾನಿ ಉಂಡು ನಡುರಾತ್ರಿ ಮೈ ಕೆರೆಯುತ್ತ ಎದ್ದರೆ ಮಸಾಲೆಯನ್ನು ಬೈಯಬೇಡಿ, ಡಾಕ್ಟರ್‌ಗೆ ಉಣುಗಿನ ವಿಷಯ ಹೇಳಿ. ನಮ್ಮ ಕ್ಲಬ್ಬಿನ ಒಬ್ಬರಿಗೆ ಹೀಗಾಗಿದೆ. ಈಗಲೂ ಅವರು ಕಾಡಿಗೆ ಬರುತ್ತಾರೆ, ಹೊಡೆದದ್ದನ್ನು ನಮಗೆ ಹಂಚುತ್ತಾರೆ.

ಬಟ್ಟೆಗೆ, ಬೂಟಿಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಹೊಡೆದು ಒಣಗಿಸಿ. ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿ ಡ್ರೈಯರ್‌ಗೆ, ನೀವು ಸ್ನಾನಕ್ಕೆ. ಮೊಣಕಾಲಿನ ಹಿಂದೆ, ಕಂಕುಳು, ಕಿವಿಯ ಹಿಂದೆ ಮನೆಯವರ ಹತ್ತಿರ ನೋಡಿಸಿಕೊಳ್ಳಿ.

ಕಾಡುಹಂದಿ ಹೊಡೆಯಬಹುದಾ?

ಖಾಸಗಿ ಜಮೀನಿನಲ್ಲಿ ವರ್ಷಪೂರ್ತಿ, ಲೆಕ್ಕವಿಲ್ಲ. ರೈತರ ಕಡಲೆಕಾಯಿ ಹೊಲವನ್ನು ಒಂದೇ ರಾತ್ರಿಯಲ್ಲಿ ಉತ್ತುಹಾಕುತ್ತವೆ, ಜಮೀನಿನವರು ನಿಮ್ಮನ್ನು ಖುಷಿಯಿಂದಲೇ ಒಳಗೆ ಬಿಡುತ್ತಾರೆ. ಹಸಿ ಮಾಂಸದಿಂದ ಬ್ರೂಸೆಲ್ಲೋಸಿಸ್ ಎಂಬ ಜ್ವರದ ರೋಗ ಅಂಟುವ ಅಪಾಯ ಇದೆ, ರಬ್ಬರ್ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಬೇಯಿಸಿ. ಕೊಡಗಿನ ಗೆಳೆಯರೊಬ್ಬರು ಊರಿಂದ ಕಾಚಂಪುಳಿ ತಂದು ಪಂದಿಕರಿ ಮಾಡಿದ್ದರು. ಕ್ಲಬ್ಬಿನವರು ಪಾತ್ರೆಯ ತಳವನ್ನು ಬ್ರೆಡ್ಡಿನಲ್ಲಿ ಒರೆಸಿ ತಿಂದರು.

ಟರ್ಕಿ, ಪಾರಿವಾಳ, ಬಾತು?

ಟರ್ಕಿ ವಸಂತದಲ್ಲಿ, ಗಂಡು ಮಾತ್ರ. ಸಂಖ್ಯೆ ಇಳಿದದ್ದರಿಂದ 2022ರಲ್ಲಿ ಮಿತಿಯನ್ನು 3ರಿಂದ 2ಕ್ಕೆ ಇಳಿಸಿದರು. ಸರಿಯಾದ ನಿರ್ಧಾರ. ಟರ್ಕಿ ಬೇಟೆಗೆ ಕೆಂಪು, ಬಿಳಿ, ನೀಲಿ ಬಣ್ಣದ್ದು ಏನೂ ಹಾಕಬೇಡಿ, ಗಂಡು ಟರ್ಕಿಯ ತಲೆಗೂ ಅದೇ ಬಣ್ಣ, ಬೇರೆ ಬೇಟೆಗಾರರು ನಿಮ್ಮನ್ನೇ ಟರ್ಕಿ ಅಂದುಕೊಂಡಾರು. ಡವ್ ಪಾರಿವಾಳ ಸೆಪ್ಟೆಂಬರ್ ಮೊದಲ ವಾರ, ಊರಿನವರಿಗೆ ಅದು ಹಬ್ಬ. ಯಾರಾದರೂ ಕರೆದರೆ ಹೋಗಿ, ಪರಿಚಯ ಆಗುವುದೇ ಅಲ್ಲಿ. ಬಾತಿಗೆ ಕೇಂದ್ರದ ಡಕ್ ಸ್ಟ್ಯಾಂಪ್ ಎಂಬ ಪರವಾನಗಿ ಬೇಕು.

ಮನೆಯವರಿಗೆ ಬೇಟೆ ಇಷ್ಟವಿಲ್ಲ. ಅವರಿಗೆ ಏನಿದೆ?

ಬೇಕಾದಷ್ಟಿದೆ. ಅಪಲಾಚಿಯನ್ ಕಾಲುದಾರಿ ಶುರುವಾಗುವುದೇ ಇಲ್ಲಿನ ಸ್ಪ್ರಿಂಗರ್ ಬೆಟ್ಟದಲ್ಲಿ. ದಕ್ಷಿಣದ ತುದಿಯಲ್ಲಿ ಓಕೆಫೆನೋಕಿ ಜೌಗು, ದೋಣಿಯಲ್ಲಿ ಹೋದರೆ ಎರಡೂ ಬದಿ ಮೊಸಳೆ ಜಾತಿಯ ಆಲಿಗೇಟರ್‌ಗಳು ಬಿಸಿಲು ಕಾಯುತ್ತಿರುತ್ತವೆ. ಮೀನು ಹಿಡಿಯುವವರಿಗಂತೂ ಇದು ಕ್ಷೇತ್ರ. ಲಾರ್ಜ್‌ಮೌತ್ ಬಾಸ್‌ನ ವಿಶ್ವದಾಖಲೆ, 22 ಪೌಂಡ್ 4 ಔನ್ಸ್, 1932ರ ಜೂನ್ 2ರಂದು ಜಾರ್ಜ್ ಪೆರಿ ಹಿಡಿದದ್ದು ಇದೇ ರಾಜ್ಯದಲ್ಲಿ. ಬ್ಯೂಫೋರ್ಡ್ ಅಣೆಕಟ್ಟಿನ ಕೆಳಗೆ ಚಾಟಹೂಚಿ ನದಿ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಅಲ್ಲಿ ಟ್ರೌಟ್ ಸಿಗುತ್ತದೆ. ನೀರು ಬಿಡುವ ಸೈರನ್ ಕೇಳಿದರೆ ಗಾಳ ಅಲ್ಲೇ ಬಿಟ್ಟಾದರೂ ದಡಕ್ಕೆ ಬನ್ನಿ.

ಕನ್ನಡ ಕೂಟದಲ್ಲಿ ಬೇಟೆ ಅಂದರೆ ಮುಖ ತಿರುಗಿಸುತ್ತಾರೆ. ಏನು ಹೇಳಲಿ?

ನನ್ನ ಅಜ್ಜನ ಹತ್ತಿರ ತೋಟ ಕಾಯಲು ಲೈಸೆನ್ಸಿನ ಕೇಪಿನ ಕೋವಿ ಇತ್ತು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತಿತು, ನಿಲ್ಲಲೇಬೇಕಿತ್ತು. ಅಲ್ಲಿ ಕಾಡು ಪ್ರಾಣಿ ಅಷ್ಟು ಕಮ್ಮಿಯಾಗಿತ್ತು. ಊರಿಗೆ ಹೋದಾಗ ನಾನು ಬೇಟೆಯ ಆಸೆ ಪಡುವುದಿಲ್ಲ, ಪಡುವವರನ್ನು ತಡೆಯುತ್ತೇನೆ.

ಇಲ್ಲಿಯ ಕಥೆ ಬೇರೆ. 1900ರ ಆಸುಪಾಸಿನಲ್ಲಿ ಜಾರ್ಜಿಯಾದ ಬೆಟ್ಟಗಳಲ್ಲೂ ಜಿಂಕೆ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಆರ್ಥರ್ ವುಡಿ ಎಂಬ ಫಾರೆಸ್ಟ್ ರೇಂಜರ್ 1920ರ ದಶಕದ ಕೊನೆಯಲ್ಲಿ ಸ್ವಂತ ದುಡ್ಡಲ್ಲಿ ಮರಿಗಳನ್ನು ತಂದು ಸಾಕಿ ಕಾಡಿಗೆ ಬಿಟ್ಟರು. ಆಮೇಲೆ ರಾಜ್ಯವೇ ಆ ಕೆಲಸ ಮುಂದುವರಿಸಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಕೋವಿ, ತೋಟಾ ಮೇಲಿನ ತೆರಿಗೆ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ. ಕೇಳಿದವರಿಗೆ ಇಷ್ಟು ಹೇಳುತ್ತೇನೆ. ಕೊಲ್ಲುವುದು ತಪ್ಪು ಅಂತ ಅವರಿಗೆ ಅನ್ನಿಸಿದರೆ ಅದು ಅವರ ಮನಸ್ಸು, ವಾದ ಮಾಡುವುದಿಲ್ಲ. ಹೊಡೆದ ಪ್ರಾಣಿಯ ಫೋಟೋವನ್ನು ಕೂಟದ ವಾಟ್ಸಾಪ್ ಗುಂಪಿಗೆ ಹಾಕುವುದೂ ಇಲ್ಲ.

ಯಾವ ತಿಂಗಳಲ್ಲಿ ಬಂದರೆ ಒಳ್ಳೇದು?

ಕೆಲಸದವರು ಒಪ್ಪಿದರೆ ಫೆಬ್ರವರಿ. 3 ತಿಂಗಳ ವಾಸ ಮೇ ಹೊತ್ತಿಗೆ ಮುಗಿದು ಸೆಪ್ಟೆಂಬರ್‌ಗೆ ನೀವು ಇಲ್ಲಿನವರೇ ಆಗಿರುತ್ತೀರಿ. ಫೆಬ್ರವರಿಯಲ್ಲಿ ಎಲೆ ಉದುರಿರುತ್ತದೆ, ಉಣುಗು ಕಮ್ಮಿ, ಜಿಂಕೆ ಕೊಂಬು ಉಜ್ಜಿದ ಮರ, ಓಡಾಡಿದ ಜಾಡು ಎಲ್ಲ ಬರಿಗಣ್ಣಿಗೆ ಕಾಣುತ್ತದೆ. ಅದೇ ಹೊತ್ತಿಗೆ ಪೈನ್ ಕಾಡಿಗೆ ಬೇಕಂತಲೇ ಸಣ್ಣ ಬೆಂಕಿ ಇಡುತ್ತಾರೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ತರಗು ಬೆಂಕಿ ಇಡುತ್ತಿದ್ದ ಹಾಗೆ. ಹೊಗೆ ಕಂಡರೆ ಗಾಬರಿ ಬೇಡ. ಸುಟ್ಟ ಜಾಗ ಎಲ್ಲಿ ಅಂತ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಮೂರ್ನಾಲ್ಕು ವಾರಕ್ಕೆ ಅಲ್ಲಿ ಎಳೆ ಹುಲ್ಲು ಏಳುತ್ತದೆ, ಟರ್ಕಿಗಳು ಬಂದು ಕೆದಕತೊಡಗುತ್ತವೆ.